ವೈರ್ ಕತ್ತರಿಸಿದರೆ ಏನಾಗ್ತದೆ?

ಪ್ರತಿ ವರ್ಷದ ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಒಂದು ಫೈರ್ ಅಲಾರ್ಮ್ ಇದ್ದೇ ಇರ್ತದೆ. ಕೆಲವು ವರ್ಷ ಎರಡು-ಮೂರೂ ಇರ್ತಾವೆ. ಒಂದು ಇಎಸ್‌ಪಿ ಬೋರ್ಡು, ಒಂದು ಎಂಕ್ಯೂ-2 ಸೆನ್ಸರ್, ಒಂದು ಬಝರ್, ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಆ್ಯಪ್. ಅತಿಥಿಗಳು ಸ್ಟಾಲ್ ಹತ್ತಿರ ಬಂದ ಕೂಡಲೇ ಒಬ್ಬ ಊದುಬತ್ತಿ ಹಚ್ಚಿ ಸೆನ್ಸರಿನ ಮೂಗಿನ ಕೆಳಗೆ ಹಿಡೀತಾನೆ. ಬಝರ್ ಕೂಗ್ತದೆ, ಮೊಬೈಲ್ ಟಿಣ್ ಅನ್ನುತ್ತದೆ, ಚಪ್ಪಾಳೆ. ಗೈಡ್ ಖುಷಿ, ನಾವೂ ಖುಷಿ.

ನನ್ನ ತಕರಾರು ಇಷ್ಟೇ. ಅದು ಫೈರ್ ಅಲಾರ್ಮ್ ಅಲ್ಲ, ಊದುಬತ್ತಿ ಅಲಾರ್ಮ್.

ಸಿಟ್ಟಾಗಬೇಡಿ, ಲೆಕ್ಕ ಹಾಕೋಣ. ಎಂಕ್ಯೂ-2 ಒಳಗೆ ಒಂದು ಪುಟ್ಟ ಹೀಟರ್ ಇದೆ. ಟಿನ್ ಆಕ್ಸೈಡ್ ಪದರ ಬಿಸಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡೋದು. ಆ ಹೀಟರ್ 5 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪ್ ಎಳೆಯುತ್ತದೆ. ಒಂದು 9 ವೋಲ್ಟ್ ಬ್ಯಾಟರಿಯಲ್ಲಿ ಇರೋದು ಹೆಚ್ಚೆಂದರೆ 500 ಮಿಲಿಆಂಪ್-ಅವರ್. ಭಾಗಿಸಿ ನೋಡಿ, ಮೂರು ಗಂಟೆ ಚಿಲ್ಲರೆ. ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ ಒಂದೂವರೆಯ ಹೊತ್ತಿಗೆ ನಿಮ್ಮ ಕಾವಲುಗಾರ ಮಲಗಿರ್ತಾನೆ. ಅದೇ ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ಮೋಕ್ ಅಲಾರ್ಮ್, ಅಂಥದೇ ಒಂದು 9 ವೋಲ್ಟ್ ಬ್ಯಾಟರಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಎಚ್ಚರ ಇರ್ತದೆ. ಮಿಲಿಆಂಪ್ ಅಲ್ಲ, ಮೈಕ್ರೋಆಂಪಿನಲ್ಲಿ ಬದುಕುವ ಜೀವಿ ಅದು. ಬ್ಯಾಟರಿ ಮುಗೀತಾ ಬಂದಾಗ ತಾನೇ ಆಗಾಗ 'ಚಿಂವ್' ಅಂದು ತಿಳಿಸುತ್ತದೆ. ಈ ಎರಡರ ನಡುವಿನ ದೂರ ಎಷ್ಟು, ಅದನ್ನು ದಾಟಿದವರು ಯಾರು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಎರಡು ಸಣ್ಣ ಕಂಪನಿಗಳ ಕಥೆ. ಎರಡರ ಆರಂಭದಲ್ಲೂ ಒಂದೊಂದು ಸಿಗರೇಟ್ ಇದೆ!

ಮೊದಲನೆಯದು ಸ್ವಿಟ್ಜರ್ಲೆಂಡಿನದು. 1930ರ ದಶಕದ ಕೊನೆಯಲ್ಲಿ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆ ಮಾಡುವ ಸೆನ್ಸರ್ ಕಟ್ಟಲು ಹೊರಟಿದ್ದ. ಯುದ್ಧದ ಭಯದ ಕಾಲ ಅದು. ಎರಡು ಲೋಹದ ತಟ್ಟೆಗಳ ನಡುವಿನ ಗಾಳಿಯನ್ನು ಅಯಾನುಗಳನ್ನಾಗಿ ಮಾಡಿದರೆ ಅತಿ ಸಣ್ಣ ಕರೆಂಟ್ ಹರಿಯುತ್ತದೆ, ವಿಷಾನಿಲ ಒಳಗೆ ಬಂದರೆ ಅದು ಬದಲಾಗಬೇಕು, ಇದು ಅವನ ಲೆಕ್ಕ. ಅನಿಲ ಬಿಟ್ಟ, ಮೀಟರ್ ಅಲ್ಲಾಡಲಿಲ್ಲ. ಬೇಜಾರಾಗಿ ಸಿಗರೇಟ್ ಹಚ್ಚಿದ, ಆಗ ಕರೆಂಟ್ ಕುಸಿಯಿತು. ಹೊಗೆಯ ಕಣಗಳು ಅಯಾನುಗಳನ್ನು ಹಿಡಿದು ನಿಧಾನ ಮಾಡಿಬಿಟ್ಟಿದ್ದವು. ಎರ್ನ್ಸ್ಟ್ ಮೈಲಿ ಎಂಬಾತ ಈ ಕ್ಷೀಣ ಸಿಗ್ನಲ್ಲನ್ನು ಕೋಲ್ಡ್ ಕ್ಯಾಥೋಡ್ ಟ್ಯೂಬಿನಿಂದ ಅಲಾರ್ಮ್ ಕೂಗಿಸುವಷ್ಟು ದೊಡ್ಡದು ಮಾಡುವ ದಾರಿ ಕಂಡುಕೊಂಡ. 1941ರಲ್ಲಿ ಬಾಡ್ ರಾಗಾಟ್ಸ್ ಎಂಬ ಸಣ್ಣ ಊರಲ್ಲಿ ಇವರ ಕಂಪನಿ ಶುರುವಾಯ್ತು. ಹೆಸರು ಸೆರ್ಬೆರಸ್. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. (ತೋಟ ಕಾಯಲು ನಾಯಿ ಸಾಕುವ ನಮ್ಮ ಕಡೆಯವರಿಗೆ ಈ ಹೆಸರು ಕೂಡಲೇ ಅರ್ಥ ಆಗ್ತದೆ.) 1998ರಲ್ಲಿ ಅದು ಸೀಮೆನ್ಸ್ ತೆಕ್ಕೆಗೆ ಹೋಯ್ತು. ಹೆಸರು ಮಾತ್ರ ಇವತ್ತಿಗೂ ಸೀಮೆನ್ಸಿನ ಫೈರ್ ಪ್ಯಾನೆಲ್ಲುಗಳ ಮೇಲೆ ಇದೆ.

ಎರಡನೆಯ ಕಥೆ ನನಗೆ ಹೆಚ್ಚು ಇಷ್ಟ, ಯಾಕಂದ್ರೆ ಅಲ್ಲಿ ವಿಜ್ಞಾನಿ ಯಾರೂ ಇಲ್ಲ. ಡ್ಯುವೇನ್ ಪಿಯರ್ಸಾಲ್ ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಹೀಟಿಂಗ್-ವೆಂಟಿಲೇಷನ್ ವ್ಯವಹಾರದಲ್ಲಿದ್ದವನು. ಸ್ಟಾಟಿಟ್ರಾಲ್ ಅಂತ ಒಂದು ಪುಟ್ಟ ಕಂಪನಿ ಮಾಡಿಕೊಂಡು, ಫೋಟೋ ಡಾರ್ಕ್‌ರೂಮಿನಂಥ ಕಡೆ ಧೂಳು ಅಂಟಿಸುವ ಸ್ಥಿರ ವಿದ್ಯುತ್ತನ್ನು ಹೋಗಲಾಡಿಸುವ ಯಂತ್ರ ತಯಾರಿಸುತ್ತಿದ್ದ. ಗಾಳಿಗೆ ಅಯಾನುಗಳನ್ನು ಬಿಡುವುದು ಅದರ ಕೆಲಸ. ಎಷ್ಟು ಬಿಡುತ್ತಿದೆ ಅಂತ ನೋಡಲು ಪಕ್ಕದಲ್ಲೊಂದು ಮೀಟರ್. 1963ರಲ್ಲಿ ಒಂದು ದಿನ ಲ್ಯಾಬಿನ ಟೆಕ್ನೀಷಿಯನ್ ಸಿಗರೇಟ್ ಹಚ್ಚಿದ, ಮೀಟರಿನ ಮುಳ್ಳು ದಬಕ್ಕನೆ ಕೆಳಗಿಳಿಯಿತು. ಅದನ್ನು ಕಂಡ ಹನಿವೆಲ್ ಕಂಪನಿಯ ಎಂಜಿನಿಯರ್ ಒಬ್ಬರು, ಸ್ಥಿರ ವಿದ್ಯುತ್ತಿನ ಯಂತ್ರ ಬಿಟ್ಟುಹಾಕಿ ಹೊಗೆಯ ಡಿಟೆಕ್ಟರ್ ಮಾಡು ಅಂದರಂತೆ.

ಆಗ ಹೊಗೆ ಪತ್ತೆ ಮಾಡುವ ವಿದ್ಯೆ ಹೊಸದೇನೂ ಅಲ್ಲ, ಸೆರ್ಬೆರಸ್ ಅದನ್ನು ಮಾಡಿ ಇಪ್ಪತ್ತು ವರ್ಷ ಕಳೆದಿತ್ತು. ಆದರೆ ಆ ಸಾಧನಗಳಿಗೆ ಹೆಚ್ಚಿನ ವೋಲ್ಟೇಜ್ ಬೇಕು, ಕಟ್ಟಡದ ತುಂಬ ವೈರಿಂಗ್ ಬೇಕು, ದೊಡ್ಡ ದುಡ್ಡು ಬೇಕು. ಬ್ಯಾಂಕು, ಗೋದಾಮು, ಫ್ಯಾಕ್ಟರಿಗಳಿಗೆ ಅದು ಸರಿ. ಮನೆಯಲ್ಲಿ ಮಲಗಿದವರಿಗೆ? ಸ್ಟಾಟಿಟ್ರಾಲ್ ಮೊದಲು ಕಟ್ಟಡಗಳಿಗೆ ಡಿಟೆಕ್ಟರ್ ಮಾಡಿತು, ಆಮೇಲೆ 1960ರ ದಶಕದ ಕೊನೆಗೆ ಪಿಯರ್ಸಾಲ್ ಮತ್ತು ಸ್ಟ್ಯಾನ್ಲಿ ಪೀಟರ್ಸನ್ ಸೇರಿ ಬ್ಯಾಟರಿಯಲ್ಲಿ ನಡೆಯುವ, ವೈರೇ ಬೇಡದ, ಸ್ಕ್ರೂ ಹಾಕಿ ಸೀಲಿಂಗಿಗೆ ಸಿಕ್ಕಿಸಿದರೆ ಮುಗಿಯಿತು ಎನ್ನುವಂಥ ಸ್ಮೋಕ್‌ಗಾರ್ಡ್ ತಂದರು. ಆ ಹೊತ್ತಿಗೆ ಮಾಸ್‌ಫೆಟ್ ಬಂದಿತ್ತು. ಗೇಟಿಗೆ ಕರೆಂಟೇ ಬೇಡದ ಆ ಟ್ರಾನ್ಸಿಸ್ಟರ್ ಇಲ್ಲದಿದ್ದರೆ ಪಿಕೋಆಂಪ್ ಲೆಕ್ಕದ ಸಿಗ್ನಲ್ಲನ್ನು ಬ್ಯಾಟರಿಯಲ್ಲಿ ವರ್ಷಗಟ್ಟಲೆ ನೋಡುತ್ತಾ ಕೂರೋದು ಸಾಧ್ಯವಿರಲಿಲ್ಲ. ಥರ್ಡ್ ಸೆಮ್ಮಿನಲ್ಲಿ 'ಹೈ ಇನ್‌ಪುಟ್ ಇಂಪೀಡೆನ್ಸ್' ಅಂತ ಬಾಯಿಪಾಠ ಮಾಡಿ ಎರಡು ಮಾರ್ಕ್ಸಿಗೆ ಬರೆದು ಬರ್ತೀವಲ್ಲ, ಅದರಿಂದ ಜೀವ ಉಳಿಯೋದು ಹೀಗೆ.

1977ರಲ್ಲಿ ಸ್ಟಾಟಿಟ್ರಾಲನ್ನು ಎಮರ್ಸನ್ ಎಲೆಕ್ಟ್ರಿಕ್ ಕೊಂಡುಕೊಂಡಿತು. ಅದೇ ವರ್ಷ ಅಮೆರಿಕದಲ್ಲಿ ಬೆಂಕಿಗೆ ಬಲಿಯಾದ ನಾಗರಿಕರು 7,000ಕ್ಕೂ ಹೆಚ್ಚು. 2010ರ ಹೊತ್ತಿಗೆ ಅದು ಸುಮಾರು 3,100ಕ್ಕೆ ಇಳಿದಿತ್ತು. ಎಲ್ಲ ಪುಣ್ಯವೂ ಸ್ಮೋಕ್ ಅಲಾರ್ಮಿನದಲ್ಲ, ವೈರಿಂಗ್ ಸುಧಾರಿಸಿತು, ಹಾಸಿಗೆಯಲ್ಲಿ ಸಿಗರೇಟ್ ಸೇದುವವರೂ ಕಮ್ಮಿಯಾದರು. ಆದರೂ ಮನೆಮನೆಯ ಸೀಲಿಂಗಿಗೆ ಆ ಬಿಳಿ ಬಿಲ್ಲೆ ಬಂದದ್ದು ಅದರಲ್ಲೊಂದು ದೊಡ್ಡ ಕಾರಣ ಅನ್ನೋದರಲ್ಲಿ ಅನುಮಾನ ಇಲ್ಲ.

ಈ ಕಥೆಗಳನ್ನು ಹೇಳುವಾಗ ಎಲ್ಲರೂ ಸಿಗರೇಟಿನ ಹತ್ತಿರವೇ ನಿಲ್ಲಿಸಿಬಿಡ್ತಾರೆ, 'ಆಕಸ್ಮಿಕ ಆವಿಷ್ಕಾರ' ಅಂತ. ನನಗೆ ಅದರ ನಂತರದ ವರ್ಷಗಳು ಮುಖ್ಯ ಅನ್ನಿಸ್ತದೆ. 1963ರ ಸಿಗರೇಟಿಗೂ ಮನೆಯ ಅಲಾರ್ಮಿಗೂ ನಡುವೆ ಹಲವು ವರ್ಷಗಳ ಅಂತರವಿದೆ. ಸೆನ್ಸರ್ ಮೊದಲ ದಿನವೇ ಕೆಲಸ ಮಾಡಿತ್ತಲ್ಲ! ಮಿಕ್ಕ ಕಾಲವೆಲ್ಲ ಹೋದದ್ದು ಬೇರೆ ಕೆಲಸಕ್ಕೆ. ಬ್ಯಾಟರಿ ಎಷ್ಟು ದಿನ ಬಾಳಬೇಕು, ಧೂಳು ಕೂತರೆ ಏನಾಗ್ತದೆ, ಸುಮ್ಮಸುಮ್ಮನೆ ಕೂಗದಂತೆ ಹೇಗೆ ಮಾಡೋದು, ಕೆಟ್ಟು ಹೋದರೆ ಯಜಮಾನನಿಗೆ ಗೊತ್ತಾಗೋದು ಹೇಗೆ. ನಾವು ಒಂದು ಸೆಮಿಸ್ಟರಿನಲ್ಲಿ ಮಾಡುವುದು ಸಿಗರೇಟಿನ ದಿನದ ಕೆಲಸವನ್ನು ಮಾತ್ರ.

ಕೆಟ್ಟಿದ್ದನ್ನು ತಾನೇ ಹೇಳಬೇಕು ಎನ್ನುವ ಮಾತಿದೆಯಲ್ಲ, ಅದು ಫೈರ್ ಅಲಾರ್ಮಿನ ಆತ್ಮ. ಫ್ಯಾನ್ ಕೆಟ್ಟರೆ ಸೆಖೆಯಾಗಿ ಗೊತ್ತಾಗ್ತದೆ, ಮಿಕ್ಸಿ ಕೆಟ್ಟರೆ ಚಟ್ನಿಯಾಗೋದಿಲ್ಲ. ಫೈರ್ ಅಲಾರ್ಮ್ ಕೆಟ್ಟಿದ್ದರೆ? ಏನೂ ಆಗೋದಿಲ್ಲ. ಸರಿಯಿದ್ದಾಗಲೂ ಮೌನ, ಕೆಟ್ಟಾಗಲೂ ಮೌನ. ಈ ಎರಡು ಮೌನವನ್ನು ಬೇರೆ ಮಾಡಿ ತೋರಿಸೋದು ಹೇಗೆ ಅನ್ನೋದೇ ಇಲ್ಲಿನ ಎಂಜಿನಿಯರಿಂಗ್.

ಹಳೇ ಮಾದರಿಯ, ಅಂದರೆ 'ಕನ್ವೆನ್ಷನಲ್' ಪ್ಯಾನೆಲ್ ಒಂದನ್ನು ತೆಗೆದು ನೋಡಿ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಜಾಗ ಇಲ್ಲ, ಆದರೆ ಇಷ್ಟು ಚೆಂದದ ಸರ್ಕ್ಯೂಟ್ ಕಮ್ಮಿ. ಪ್ಯಾನೆಲ್ಲಿನಿಂದ ಎರಡೇ ವೈರು ಹೊರಟು 24 ವೋಲ್ಟ್ ಹೊತ್ತುಕೊಂಡು ಒಂದೊಂದೇ ಡಿಟೆಕ್ಟರನ್ನು ಮುಟ್ಟುತ್ತಾ ಹೋಗ್ತದೆ. ಕೊನೆಯ ಡಿಟೆಕ್ಟರಿನ ಆಚೆ ಒಂದು ರೆಸಿಸ್ಟರ್. 4.7 ಕಿಲೋಓಮ್ ಅಂತಿಟ್ಟುಕೊಳ್ಳಿ, ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಹಾಗಾದರೆ ಎಲ್ಲ ಸರಿಯಿದ್ದಾಗ ಸುಮಾರು 5 ಮಿಲಿಆಂಪ್ ಸದಾ ಹರೀತಾ ಇರಬೇಕು. ಹೆಗ್ಗಣ ವೈರ್ ಕಡಿಯಿತು, ಕರೆಂಟ್ ಸೊನ್ನೆ, ಪ್ಯಾನೆಲ್ ಹಳದಿ ದೀಪ ಹಚ್ಚಿ 'ಫಾಲ್ಟ್' ಅನ್ನುತ್ತದೆ. ಡಿಟೆಕ್ಟರ್ ಹೊಗೆ ಕಂಡಿತು, ತಾನೇ ಒಂದು ಕಮ್ಮಿ ರೆಸಿಸ್ಟೆನ್ಸ್ ಆಗಿ ಕೂತು ಹೆಚ್ಚು ಕರೆಂಟ್ ಎಳೆಯುತ್ತದೆ, ಕೆಂಪು ದೀಪ, 'ಫೈರ್'. ವೈರುಗಳು ಒಂದಕ್ಕೊಂದು ತಾಗಿದವು, ಕರೆಂಟ್ ಅದಕ್ಕೂ ಮೇಲೆ ಹೋಯ್ತು, ಅದು ಶಾರ್ಟ್. ಯಾರೋ ಡಿಟೆಕ್ಟರನ್ನೇ ಬೇಸಿನಿಂದ ತಿರುಗಿಸಿ ತೆಗೆದುಕೊಂಡು ಹೋದರೂ ಲೂಪ್ ಕಡಿದು ಗೊತ್ತಾಗಿಬಿಡ್ತದೆ. ಮೈಕ್ರೋಕಂಟ್ರೋಲರ್ ಬೇಡ, ವೈಫೈ ಬೇಡ. ಎರಡು ವೈರು ಮತ್ತು ಒಂದು ರೂಪಾಯಿಯೂ ಬೀಳದ ರೆಸಿಸ್ಟರಿನಿಂದ ನಾಲ್ಕು ಸ್ಥಿತಿ ಗುರುತಿಸುವ ಜಾಣತನ.

ಈ ರೆಸಿಸ್ಟರಿಗೆ 'ಎಂಡ್ ಆಫ್ ಲೈನ್' ಅಂತ ಹೆಸರು, ಇರಬೇಕಾದ್ದು ಲೈನಿನ ಕೊನೆಯಲ್ಲಿ. ಫೀಲ್ಡಿನಲ್ಲಿ ಕೆಲಸ ಮಾಡುವವರನ್ನು ಕೇಳಿ, ಒಂದು ಕಳ್ಳದಾರಿ ಹೇಳ್ತಾರೆ. ಲೂಪ್ ಎಲ್ಲೋ ಕಡಿದು ಫಾಲ್ಟ್ ತೋರಿಸ್ತಾ ಇದೆ, ಹುಡುಕೋಕೆ ಪುರುಸೊತ್ತಿಲ್ಲ, ನಾಳೆ ಇನ್‌ಸ್ಪೆಕ್ಷನ್. ಒಂದು ರೆಸಿಸ್ಟರ್ ತಂದು ಪ್ಯಾನೆಲ್ಲಿನ ಟರ್ಮಿನಲ್ಲಿಗೇ ಸಿಕ್ಕಿಸಿಬಿಡೋದು! ಪ್ಯಾನೆಲ್ಲಿಗೆ ಎಲ್ಲ ಸರಿ ಕಾಣ್ತದೆ, ಹಸಿರು ದೀಪ. ಇಡೀ ಮಹಡಿಯ ಡಿಟೆಕ್ಟರುಗಳು ಸತ್ತಿರ್ತಾವೆ.

ನಾನಿದ್ದ ಒಂದು ಹಾಸ್ಟೆಲ್ಲಿನಲ್ಲಿ (ಯಾವುದು ಅಂತ ಕೇಳಬೇಡಿ) ಕಾರಿಡಾರಿನ ಡಿಟೆಕ್ಟರುಗಳಲ್ಲಿ ಅರ್ಧಕ್ಕೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಮುಚ್ಚಳವನ್ನೇ ತೆಗೆದಿರಲಿಲ್ಲ. ಬಣ್ಣ ಹೊಡೆಯುವಾಗ ಧೂಳು ಹೋಗದಿರಲಿ ಅಂತ ಹಾಕುವ ಮುಚ್ಚಳ ಅದು. ಉಳಿದವುಗಳಲ್ಲಿ ಕೆಲವಕ್ಕೆ ಹುಡುಗರೇ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಪ್ಯಾನೆಲ್ಲಿನಲ್ಲಿ ಹಳದಿ ದೀಪ ಉರೀತಾ ಇತ್ತು, ಬಝರನ್ನು ಸೈಲೆಂಟ್ ಮಾಡಿದ್ದರು. ಕೇಳಿದರೆ ಸೆಕ್ಯುರಿಟಿಯವರು, "ಅದು ಯಾವಾಗ್ಲೂ ಹಂಗೇ ಇರ್ತದೆ ಸರ್" ಅಂದರು. ಪಾಪ, ಪ್ಯಾನೆಲ್ ತನ್ನ ಕೆಲಸ ಮಾಡಿತ್ತು, ನಾನು ಕೆಟ್ಟಿದ್ದೇನೆ ಅಂತ ತಿಂಗಳುಗಟ್ಟಲೆ ಹೇಳ್ತಾ ಇತ್ತು. ಕೇಳಿಸಿಕೊಳ್ಳೋರು ಇರಲಿಲ್ಲ.

ಇದನ್ನು ತಮಾಷೆಯಾಗಿ ಬರೆಯೋದು ಸುಲಭ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ ವಿದ್ಯುತ್ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಜನ ಸತ್ತರು. ಅವರಲ್ಲಿ ಕೆಲವರು ಉಸಿರು ಕಟ್ಟಿ ತಾಳಲಾರದೆ ಕಿಟಕಿ ಒಡೆದು ಹಾರಿದವರು. ಹಗಲು ಹೊತ್ತು, ಎಚ್ಚರವಿದ್ದ ಜನ, ಆಫೀಸುಗಳಿದ್ದ ಕಟ್ಟಡ. ಬೆಂಕಿಯ ಉರಿಗಿಂತ ಮೊದಲು ಕೊಲ್ಲುವುದು ಹೊಗೆ. ಅದರಿಂದ ಪಾರಾಗಲು ಬೇಕಾದ್ದು ಕೆಲವೇ ನಿಮಿಷ, ಆ ನಿಮಿಷಗಳನ್ನು ಕೊಡಬೇಕಾದ್ದು ಅಲಾರ್ಮ್. ನಮ್ಮಲ್ಲಿ ನಿಯಮಕ್ಕೆ ಬರ ಇಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡಿನ 4ನೇ ಭಾಗ ಇಡೀ ಬೆಂಕಿಯ ಬಗ್ಗೆಯೇ ಇದೆ. ಡಿಟೆಕ್ಟರನ್ನು ಎಲ್ಲಿ, ಹೇಗೆ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಲು ಐಎಸ್ 2189 ಇದೆ. ನಾಲ್ಕು ವರ್ಷದ ಓದಿನಲ್ಲಿ ಇವೆರಡರ ಹೆಸರನ್ನು ಒಂದು ಕ್ಲಾಸಿನಲ್ಲೂ ನಾನು ಕೇಳಿಲ್ಲ.

ಇನ್ನು ನಮ್ಮೂರ ವಿಷಯ. ನನ್ನದು ಎಕ್ಕಂಬಿ ಕಡೆ, ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ. ಶಿರಸಿಯ ಪಶ್ಚಿಮಕ್ಕೆ ಅಡಿಕೆ ಹೆಚ್ಚು, ನಮ್ಮ ಕಡೆ ಬತ್ತ, ಗೋವಿನಜೋಳವೂ ಇದೆ. ಬೇಸಿಗೆ ಬಂತೆಂದರೆ ಪೇಪರಿನ ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ಕಾಯಂ. 'ಹುಲ್ಲಿನ ಬಣವೆಗೆ ಬೆಂಕಿ' ಒಂದು, 'ವಿದ್ಯುತ್ ತಂತಿ ತಗುಲಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ಭಸ್ಮ' ಇನ್ನೊಂದು. ಅಗ್ನಿಶಾಮಕ ಗಾಡಿ ಬರಬೇಕಾದ್ದು ಶಿರಸಿಯಿಂದ, ಇಲ್ಲಾ ಮುಂಡಗೋಡದಿಂದ. ಅವರು ಎಷ್ಟೇ ವೇಗವಾಗಿ ಬಂದರೂ ಒಣಹುಲ್ಲು ಅಷ್ಟು ಹೊತ್ತು ಕಾಯೋದಿಲ್ಲ. ಹೀಗಾಗಿ ಹಳ್ಳಿಯಲ್ಲಿ ಬೆಂಕಿ ಆರಿಸೋದು ಅಂದರೆ ಅಕ್ಕಪಕ್ಕದವರು, ಕೊಡಪಾನ, ಪಂಪ್‌ಸೆಟ್ಟು, ಹಸಿ ಸೊಪ್ಪು. ಅವರಿಗೆ ಬೇಕಾದ್ದು ಬೇಗ ಗೊತ್ತಾಗೋದು.

ಎಕ್ಸ್‌ಪೋದ ಅಲಾರ್ಮನ್ನು ನಮ್ಮೂರಿಗೆ ತಗೊಂಡು ಹೋದರೆ ಏನಾಗ್ತದೆ? ನಮ್ಮ ಕೇರಿಯ ಹಿರಿಯರೊಬ್ಬರಿಗೆ ಈ ವಿಷಯ ಹೇಳಿದಾಗ ಅವರು ನಕ್ಕು, "ಹೊಗೆ ಬಂದ್ರೆ ಕೂಗೋ ಮಿಷನ್ನಾ? ತಮ್ಮಾ, ನಮ್ಮನೇಲಿ ಅದು ದಿನಾ ಬೆಳಿಗ್ಗೆ ಆರಕ್ಕೇ ಕೂಗ್ತದಲ್ಲೋ" ಅಂದರು. ಬಚ್ಚಲೊಲೆ, ಅಡುಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಮಳೆಗಾಲದಲ್ಲಿ ಕೊಟ್ಟಿಗೆಯ ಸೊಳ್ಳೆಗೆ ಹಾಕುವ ಹೊಗೆ. ಮಲೆನಾಡಿನ ಮನೆಯಲ್ಲಿ ಹೊಗೆ ಅಪಾಯದ ಸೂಚನೆ ಅಲ್ಲ, ಮನೆಯಲ್ಲಿ ಜನ ಇದ್ದಾರೆ ಅನ್ನೋದರ ಸೂಚನೆ. ಹವಾನಿಯಂತ್ರಿತ ಆಫೀಸನ್ನು ಮನಸ್ಸಲ್ಲಿಟ್ಟು ಮಾಡಿದ ಸ್ಮೋಕ್ ಡಿಟೆಕ್ಟರ್ ಇಲ್ಲಿ ವಾರದೊಳಗೆ ಮರ್ಯಾದೆ ಕಳಕೊಳ್ಳುತ್ತದೆ. ಆಷಾಢದ ತೇವ ಬೇರೆ, ಬೆಳಕಿಗೆ ಬರುವ ಹುಳ ಬೇರೆ. ಬೆಳಕು ಚೆದುರುವುದನ್ನು ನೋಡಿ ಹೊಗೆ ಗುರುತಿಸುವ ಡಿಟೆಕ್ಟರಿನ ಕೋಣೆಯೊಳಗೆ ಒಂದು ಹುಳ ಹೊಕ್ಕರೂ ಸಾಕು. ಎರಡು ಸಲ ಸುಳ್ಳು ಕೂಗಿದರೆ ಮೂರನೇ ಸಲ ಯಾರೂ ಎದ್ದು ಬರೋದಿಲ್ಲ, ನಾಲ್ಕನೇ ಸಲ ಅದರ ಬ್ಯಾಟರಿ ಟಾರ್ಚಿಗೆ ಹೋಗಿರ್ತದೆ.

ಹಾಗಾಗಿ ನಮ್ಮ ಕಡೆಯ ಕೊಟ್ಟಿಗೆ, ಅಟ್ಟ, ಡ್ರೈಯರ್ ಶೆಡ್ಡು, ಮೋಟರ್ ಮನೆಗೆ ಬೇಕಾದ್ದು ಶಾಖದ ಡಿಟೆಕ್ಟರ್ ಅನ್ನೋದು ನನ್ನ ಅಭಿಪ್ರಾಯ. ಇದು ಇನ್ನೂ ಹಳೇ ವಿದ್ಯೆ. ಸಾಮಾನ್ಯವಾಗಿ ಸಿಗೋದು 57 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೂಗುವಂಥದ್ದು. ಇನ್ನೊಂದು ಬಗೆಯಲ್ಲಿ ನಿಮಿಷಕ್ಕೆ 8 ಡಿಗ್ರಿ ಚಿಲ್ಲರೆಗಿಂತ ವೇಗವಾಗಿ ಬಿಸಿ ಏರಿದರೆ ಕೂಗುತ್ತದೆ. ಹೊಗೆಯ ಡಿಟೆಕ್ಟರಿಗಿಂತ ಇದು ತಡ, ಅದು ನಿಜ. ಮಲಗುವ ಕೋಣೆಗೆ ಇದು ಸಾಲದು, ಜೀವ ಉಳಿಸಲು ಇದನ್ನೇ ನಂಬಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಆದರೆ ದನ ಕಟ್ಟಿದ ಕೊಟ್ಟಿಗೆಯ ಮೇಲಿನ ಹುಲ್ಲಟ್ಟಕ್ಕೆ, ಯಾರೂ ಮಲಗದ ಶೆಡ್ಡಿಗೆ, ಇವತ್ತು ಇರುವುದು ನಾಯಿಯ ಬೊಗಳು ಮಾತ್ರ. ಅದಕ್ಕಿಂತ ಇದು ಮೇಲು. ಮೆಸೇಜಿನ ಮೇಲೂ ನನಗೆ ನಂಬಿಕೆ ಕಮ್ಮಿ. ಕರೆಂಟ್ ಹೋದ ಕೆಲವು ಹೊತ್ತಿಗೆ ನಮ್ಮಲ್ಲಿ ಟವರೂ ಮಲಗ್ತದೆ. ರಸ್ತೆಗೆ ಕೇಳುವಂಥ ಒಂದು ಹೂಟರ್, ಒಂದು ದಿನವಾದರೂ ಹೆಸ್ಕಾಂ ಹಂಗಿಲ್ಲದೆ ನಿಲ್ಲುವ ಬ್ಯಾಟರಿ, ಕೊನೆಯಲ್ಲೊಂದು ರೆಸಿಸ್ಟರ್. ಅಷ್ಟು ಸಾಕು. ಅಮೆರಿಕದ ಎನ್‌ಎಫ್‌ಪಿಎ 72 ಕೂಡ ಕೇಳೋದು ಹೆಚ್ಚುಕಮ್ಮಿ ಅದನ್ನೇ, 24 ಗಂಟೆ ಕಾದು ಆಮೇಲೂ 5 ನಿಮಿಷ ಕೂಗುವ ಶಕ್ತಿ ಬ್ಯಾಟರಿಯಲ್ಲಿ ಉಳಿದಿರಬೇಕು ಅಂತ.

ಬಯಲಿನ ಬಣವೆಗೆ ಮಾತ್ರ ಇದ್ಯಾವುದೂ ನಡೆಯೋದಿಲ್ಲ. ಅಲ್ಲಿ ಶಾಖ ನಿಲ್ಲಲು ಮಾಡೇ ಇಲ್ಲ. ಬಣವೆಯನ್ನು ತಂತಿಯ ಕೆಳಗೆ ಹಾಕದಿರುವುದು, ಜೋತುಬಿದ್ದ ತಂತಿ ಎತ್ತರಿಸುವುದು, ಇದು ಸಿವಿಲ್ಲು-ಎಲೆಕ್ಟ್ರಿಕಲ್ ಕೆಲಸ. ಎಲ್ಲದಕ್ಕೂ ಸೆನ್ಸರ್ ಹಾಕಬೇಕು ಅನ್ನುವ ನಮ್ಮ ಚಟಕ್ಕೆ ಇದೊಂದು ಒಳ್ಳೇ ಮದ್ದು.

ಇಂಥದ್ದನ್ನು ಯಾರು ಮಾಡಬೇಕು? ದೊಡ್ಡ ಕಂಪನಿಗಳಿಗೆ ಎಕ್ಕಂಬಿಯ ಕೊಟ್ಟಿಗೆ ಮಾರುಕಟ್ಟೆಯೇ ಅಲ್ಲ. ಸಣ್ಣ ಕಂಪನಿಗೆ ಆಗಬಹುದು. "ಸರ್ಟಿಫಿಕೇಷನ್ನಿಗೇ ದುಡ್ಡೆಲ್ಲ ಹೋಗ್ತದೆ, ಸ್ಟಾರ್ಟಪ್ಪಿನ ಕೈಲಾಗೋದಲ್ಲ" ಅಂತ ನನ್ನ ಗೆಳೆಯರು ವಾದ ಮಾಡ್ತಾರೆ. ಅವರ ಮಾತು ತೀರಾ ಸುಳ್ಳಲ್ಲ. ಅಮೆರಿಸಿಯಂ ಇರುವ ಅಯಾನ್ ಡಿಟೆಕ್ಟರ್ ಮಾಡ್ತೀನಿ ಅಂದರೆ ಅದು ವಿಕಿರಣ ವಸ್ತು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಆದರೆ ಸ್ಟಾಟಿಟ್ರಾಲೂ ಸಣ್ಣದೇ ಆಗಿತ್ತು, ಪರೀಕ್ಷೆಗಳನ್ನು ತಪ್ಪಿಸಿಕೊಂಡು ಬೆಳೆದದ್ದಲ್ಲ. ಡಿಟೆಕ್ಟರನ್ನು ನಾವೇ ಮಾಡಬೇಕೆಂದೇನೂ ಇಲ್ಲ. ಪಾಸಾದ ಶಾಖದ ಡಿಟೆಕ್ಟರನ್ನೇ ಕೊಂಡುಕೊಂಡು, ಹಳ್ಳಿಯ ವೋಲ್ಟೇಜು, ತೇವ, ಇಲಿ, ಗುಡುಗು-ಮಿಂಚು ತಡೆಯುವ ಎರಡೇ ವಲಯದ ಒಂದು ಪ್ಯಾನೆಲ್ ಮಾಡೋದು ನಮ್ಮ ಲ್ಯಾಬಿನಲ್ಲಿ ಕೂತು ಮುಗಿಸಬಹುದಾದ ಕೆಲಸ. ಆ್ಯಪ್ ಇಲ್ಲ ಅಂತ ಎಕ್ಸ್‌ಪೋದಲ್ಲಿ ಬಹುಮಾನ ಸಿಗಲಿಕ್ಕಿಲ್ಲ. ಜಡ್ಜ್ ಆಗಿ ಬರುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಊದುಬತ್ತಿ ಕೇಳಬೇಡಿ, ಕಟ್ಟಿಂಗ್ ಪ್ಲೇಯರ್ ಕೇಳಿ. ಒಂದು ವೈರ್ ಕತ್ತರಿಸಿ, ಆಮೇಲೆ ಅಡಾಪ್ಟರ್ ಕೀಳಿ, ಆಮೇಲೆ ಬ್ಯಾಟರಿ ತೆಗೆಯಿರಿ. ಪ್ರತಿ ಸಲ ಪ್ಯಾನೆಲ್ ಏನು ಹೇಳ್ತದೆ ನೋಡಿ ಮಾರ್ಕ್ಸ್ ಕೊಡಿ.

ಈ ಪ್ಯಾನೆಲ್ಲಿನ ಕೆಲಸ ನಾವು ಮೂರು ಜನ ಶುರು ಮಾಡಿದ್ದೇವೆ. ಒಂದು ಕಡೆ ಸಿಕ್ಕಿಬಿದ್ದಿದ್ದೇವೆ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ, ಬೆಂಕಿ ಇಲ್ಲದಾಗಲೇ, ಶಾಖ ಎಷ್ಟಿರ್ತದೆ? 57ಕ್ಕೆ ಹತ್ತಿರ ಹೋದರೆ ಇನ್ನೂ ಹೆಚ್ಚಿನ ಡಿಗ್ರಿಯ ಡಿಟೆಕ್ಟರ್ ಆರಿಸಬೇಕು, ಹೋಗದಿದ್ದರೆ ಸುಮ್ಮನೆ ತಡ ಮಾಡಿಕೊಂಡಂತೆ. ಹೆಂಚಿನ ಮಾಡಿಗೂ ತಗಡಿಗೂ ಎಷ್ಟು ವ್ಯತ್ಯಾಸ? ಡ್ರೈಯರ್ ಉರಿ ಹಾಕಿದ ಅರ್ಧ ಗಂಟೆಯಲ್ಲಿ ಎಷ್ಟು ಏರ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಕಡೆಯವರು ರಜೆಗೆ ಊರಿಗೆ ಹೋಗುವಾಗ ಒಂದು ತಾಪಮಾನ ಲಾಗರ್ ತಗೊಂಡು ಹೋಗಿ. ನಮ್ಮ ಹತ್ತಿರ ನಾಲ್ಕಿವೆ, ಬೆಂಕಿಪೊಟ್ಟಣದಷ್ಟು ದೊಡ್ಡದು. ಅಟ್ಟದ ಜಂತಿಗೆ, ಮಾಡಿನಿಂದ ಒಂದು ಗೇಣು ಕೆಳಗೆ, ದಾರದಲ್ಲಿ ಕಟ್ಟಿ ಬಿಟ್ಟರಾಯ್ತು. ಇಲಿ ಕಡಿಯದ ಹಾಗೆ ಸ್ವಲ್ಪ ನೋಡಿಕೊಳ್ಳಿ.